ಹಳೇ ಮೌಂಟನ್ ಬೈಕ್ ಫ್ರೇಮು: 18 ಇಂಚೋ, 20 ಇಂಚೋ?

ಮಣ್ಣುದಾರಿ
1988–95ರ ನಡುವಿನ ಸ್ಟೀಲ್ ಮೌಂಟನ್ ಬೈಕ್ ಹುಡುಕ್ತಿದ್ದೇನೆ. ಸಸ್ಪೆನ್ಷನ್ ಬೇಡ, 26 ಇಂಚಿನ ಚಕ್ರ. ಎರಡು ಸಿಕ್ಕಿವೆ. ಮೊದಲನೆಯದರ ಮೇಲೆ 20 ಅಂತ ಸ್ಟಿಕರ್, ಟಾಪ್ ಟ್ಯೂಬ್ (ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ) ನೆಲಕ್ಕೆ ಸಮಾನಾಂತರವಾಗಿದೆ. ಎರಡನೆಯದು 18, ಟಾಪ್ ಟ್ಯೂಬ್ ಸೀಟಿನ ಕಡೆಗೆ ಇಳಿಜಾರು. ಎತ್ತರ 175 ಸೆಂ.ಮೀ., ಪ್ಯಾಂಟಿನ ಒಳಗಾಲು (ಕಾಲ್ಸಂದಿನಿಂದ ಕೆಳತುದಿಗೆ) 30 ಇಂಚು. ಓಡಿಸೋದು ಕಚ್ಚಾ ರಸ್ತೆ, ಸ್ವಲ್ಪ ಗುಡ್ಡ. ಯಾವುದು ಸರಿ?

ರಸಮಟ್ಟ
ಪ್ಯಾಂಟಿನ ಅಳತೆ ಪಕ್ಕಕ್ಕಿಡಿ. ದರ್ಜಿಯ ಒಳಗಾಲು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತೆ ಅನ್ನೋದು ಪ್ಯಾಂಟಿನ ಹೊಲಿಗೆ ಮೇಲೆ ಹೋಗುತ್ತೆ. ಸೈಕಲ್‌ಗೆ ಬೇಕಾದ್ದು ನೆಲದಿಂದ ಕಾಲ್ಸಂದಿನ ಮೂಳೆಯವರೆಗಿನ ಅಳತೆ. ಎರಡಕ್ಕೂ 4–5 ಸೆಂ.ಮೀ. ವ್ಯತ್ಯಾಸ ಬರೋದು ಮಾಮೂಲು.

ಬರಿಗಾಲಲ್ಲಿ ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ ನಿಲ್ಲಿ. ಪಾದಗಳ ನಡುವೆ 15 ಸೆಂ.ಮೀ. ಬಿಡಿ. ಗಟ್ಟಿ ರಟ್ಟಿನ ಪುಸ್ತಕದ ಬೆನ್ನನ್ನು ಮೇಲ್ಮುಖ ಮಾಡಿ, ಒಂದು ಅಂಚು ಗೋಡೆಗೆ ತಾಗುವ ಹಾಗೆ ಕಾಲ್ಸಂದಿನಲ್ಲಿಟ್ಟು ಮೇಲಕ್ಕೆ ಒತ್ತಿ. ಸೀಟಿನ ಮೇಲೆ ಕೂತಾಗ ಬೀಳುವಷ್ಟು ಒತ್ತಡ ಇರಬೇಕು. ಮೆತ್ತಗೆ ಹಿಡಿದರೆ 2 ಸೆಂ.ಮೀ. ಕಮ್ಮಿ ಬರುತ್ತೆ. ಪುಸ್ತಕದ ಮೇಲಂಚಿಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ, ಅಲ್ಲಿಂದ ನೆಲಕ್ಕೆ ಟೇಪು. ಮೂರು ಸಲ ಅಳೆದು ನಡುವಿನದನ್ನು ತಗೊಳ್ಳಿ.

ಹಳೇಸ್ಟೀಲು
ಅದು ಬರುವಷ್ಟರಲ್ಲಿ ಸ್ಟಿಕರ್ ಬಗ್ಗೆ ಹೇಳಿಬಿಡ್ತೀನಿ. "20" ಅಂದರೆ ಸೀಟ್ ಟ್ಯೂಬಿನ (ಸೀಟಿನ ಕೆಳಗೆ ನಿಂತಿರುವ ಕೊಳವೆಯ) ಉದ್ದ. ಆದರೆ ಎಲ್ಲಿಂದ ಎಲ್ಲಿಗೆ? ಕೆಳತುದಿ ಎಲ್ಲರಿಗೂ ಒಂದೇ: ಕ್ರ್ಯಾಂಕ್ (ಪೆಡಲ್ ತೋಳು) ತಿರುಗುವ ಅಚ್ಚಿನ ನಡುಮಧ್ಯ. ಮೇಲ್ತುದಿಯಲ್ಲೇ ಗೊಂದಲ. ಕೆಲವರು ಸೀಟ್ ಟ್ಯೂಬಿನ ತುತ್ತತುದಿಗೆ, ಕೆಲವರು ಟಾಪ್ ಟ್ಯೂಬಿನ ಮೇಲ್ಮೈಗೆ, ಇನ್ನು ಕೆಲವರು ಟಾಪ್ ಟ್ಯೂಬಿನ ನಡುವಿಗೆ ಅಳೀತಾರೆ. ಸೀಟ್ ಪೋಸ್ಟ್ (ಸೀಟ್ ಟ್ಯೂಬಿನೊಳಗೆ ಇಳಿಯುವ ಸೀಟಿನ ಕಂಬ) ಬಿಗಿಯುವ ಕಾಲರ್ ಭಾಗ ಟಾಪ್ ಟ್ಯೂಬಿಗಿಂತ 1ರಿಂದ 4 ಸೆಂ.ಮೀ. ಮೇಲೆ ಚಾಚಿರುತ್ತೆ, ಟ್ಯೂಬಿನ ಅರ್ಧ ದಪ್ಪ ಇನ್ನೊಂದು 13–14 ಮಿ.ಮೀ. ಹೀಗಾಗಿ ಒಂದೇ ಫ್ರೇಮು ಒಬ್ಬರ ಲೆಕ್ಕದಲ್ಲಿ 18, ಇನ್ನೊಬ್ಬರ ಲೆಕ್ಕದಲ್ಲಿ 19.5. ಮಾರುವವರು ಹೇಳಿದ ಸಂಖ್ಯೆ ಕೇಳಿ ತಲೆಯಾಡಿಸಿ, ಆಮೇಲೆ ಟೇಪು ತೆಗೀರಿ.

ಒಂದು ಒರಟು ಸೂತ್ರ ಇದೆ: ಒಳಗಾಲು ಸೆಂ.ಮೀ.ನಲ್ಲಿ × 0.226 = ತುತ್ತತುದಿಯವರೆಗಿನ ಇಂಚು. ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಅನ್ನೋದಕ್ಕಷ್ಟೇ ಇದು.

ಮಣ್ಣುದಾರಿ
ಪುಸ್ತಕದ ಅಳತೆ 81 ಸೆಂ.ಮೀ. ಬಂತು! ಸೂತ್ರದ ಪ್ರಕಾರ 18.3. ಹಾಗಾದರೆ 18 ಇಂಚಿನದೇ ಅಂತ ಮುಗಿಸಲಾ?

ರಸಮಟ್ಟ
ಇನ್ನೂ ಇಲ್ಲ. ಸೀಟ್ ಟ್ಯೂಬ್ ಉದ್ದ ಹೇಳೋದು ಎರಡೇ ವಿಷಯ: ಟಾಪ್ ಟ್ಯೂಬಿನ ಮೇಲೆ ಅಡ್ಡಗಾಲು ಹಾಕಿ ನಿಲ್ಲೋಕೆ ಆಗುತ್ತಾ, ಸೀಟ್ ಪೋಸ್ಟ್ ಎಷ್ಟು ಹೊರಗೆ ಬರುತ್ತೆ. ಮೈ ಎಷ್ಟು ಮುಂದಕ್ಕೆ ಚಾಚಬೇಕು ಅನ್ನೋದನ್ನ ಅದು ಹೇಳೋದೇ ಇಲ್ಲ. ಸೀಟು ಏರಿಸಬಹುದು, ಇಳಿಸಬಹುದು. ಉದ್ದ ತಪ್ಪಿದ ಫ್ರೇಮನ್ನು ಸ್ಟೆಮ್ (ಹ್ಯಾಂಡಲನ್ನು ಮುಂದಕ್ಕೆ ಚಾಚಿ ಹಿಡಿಯುವ ತುಂಡು) ಬದಲಿಸಿ ಸ್ವಲ್ಪ ಮಾತ್ರ ಸರಿಮಾಡಬಹುದು, ಅದೂ ಸೈಕಲ್ಲಿನ ತಿರುಗುವ ಗುಣ ಕೆಡಿಸಿಕೊಂಡು.

ಕಾಲಕ್ಕೆ ತಕ್ಕ ಹಾಗೆ ಆಕಾರವೂ ಬದಲಾಗಿದೆ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದ ಕಾಲದ ಫ್ರೇಮುಗಳಲ್ಲಿ ಫೋರ್ಕು (ಮುಂದಿನ ಚಕ್ರ ಹಿಡಿಯುವ ಕವಲು) ಮುಂದಕ್ಕೆ ಚಾಚಿ, ಹಿಂಭಾಗವೂ ಉದ್ದ. 80ರ ದಶಕದ ಕೊನೆಗೆ ಹೆಡ್ ಟ್ಯೂಬ್ (ಫೋರ್ಕಿನ ಮೇಲ್ಭಾಗ ಕೂರುವ ಮುಂದಿನ ಗಿಡ್ಡ ಕೊಳವೆ) ಕೋನ 71 ಡಿಗ್ರಿ, ಸೀಟ್ ಟ್ಯೂಬ್ 73ರ ಆಸುಪಾಸಿಗೆ ಬಂದು ನಿಂತಿತು. ಅದರ ಜೊತೆಗೆ 130–150 ಮಿ.ಮೀ. ಸ್ಟೆಮ್, 56 ಸೆಂ.ಮೀ. ಹ್ಯಾಂಡಲ್. ಕೋನಾ ಕಂಪನಿ 1988ರಿಂದಲೇ ಇಳಿಜಾರು ಟಾಪ್ ಟ್ಯೂಬ್ ಕೊಟ್ಟಿತು. ಅಂಥ ಫ್ರೇಮಿನಲ್ಲಿ ಇಂಚಿನ ಸಂಖ್ಯೆ ಕುಗ್ಗುತ್ತೆ, ಉದ್ದ ಕುಗ್ಗಲ್ಲ. ಸಮತಲ ಟಾಪ್ ಟ್ಯೂಬಿನ 20 ಮತ್ತು ಇಳಿಜಾರಿನ 18, ಒಬ್ಬನೇ ಸವಾರನಿಗೆ ಮಾಡಿದ ಫ್ರೇಮುಗಳಿರಬಹುದು.

ಈ ಅಳತೆಗಳನ್ನ ತನ್ನಿ. ಎರಡೂ ಸೈಕಲ್ಲು ಸಮನೆಲದಲ್ಲಿ, ಗಾಳಿ ತುಂಬಿ, ನೆಟ್ಟಗೆ ನಿಂತಿರಬೇಕು.

1. ಕ್ರ್ಯಾಂಕ್ ಅಚ್ಚಿನ ನಡುವಿನಿಂದ ಸೀಟ್ ಟ್ಯೂಬ್ ತುದಿ.
2. ಸಮತಲ ಉದ್ದ: ಹೆಡ್ ಟ್ಯೂಬ್ ಮೇಲ್ತುದಿಯ ನಡುವಿನಿಂದ ನೇರ ಹಿಂದಕ್ಕೆ, ಸೀಟ್ ಪೋಸ್ಟಿನ ನಡುಗೆರೆವರೆಗೆ. ಉದ್ದನೆ ಪಟ್ಟಿ ಹಿಡಿದು ಮೇಲೆ ರಸಮಟ್ಟ ಇಡಿ. ಇಳಿಜಾರು ಟ್ಯೂಬಿನ ಮೈಮೇಲೆ ಟೇಪು ಹಾಸಿದರೆ ತಪ್ಪು ಸಂಖ್ಯೆ ಬರುತ್ತೆ.
3. ದಾರಕ್ಕೆ ಒಂದು ನಟ್ಟು ಕಟ್ಟಿ, ಹೆಡ್ ಟ್ಯೂಬ್ ಮೇಲ್ತುದಿಯ ನಡುವಿನಿಂದ ಇಳಿಬಿಡಿ. ನೆಲದ ಮೇಲೆ ಗುರುತು. ಕ್ರ್ಯಾಂಕ್ ಅಚ್ಚಿನಿಂದಲೂ ಹಾಗೇ. ಎರಡು ಗುರುತಿನ ನಡುವಿನ ದೂರವೇ ರೀಚ್.
4. ಅದೇ ಎರಡು ಬಿಂದುಗಳು ನೆಲದಿಂದ ಎಷ್ಟು ಎತ್ತರ. ವ್ಯತ್ಯಾಸವೇ ಸ್ಟ್ಯಾಕ್.
5. ಸೀಟ್ ಟ್ಯೂಬ್ ತುದಿಯಿಂದಲೂ ದಾರ ಬಿಡಿ. ದಾರಕ್ಕೂ ಕ್ರ್ಯಾಂಕ್ ಅಚ್ಚಿಗೂ ಅಡ್ಡ ದೂರ. ಕೋನ ಇದರಿಂದಲೇ ಸಿಗುತ್ತೆ.
6. ಸೀಟಿನ ಮೂತಿಯಿಂದ ನಾಲ್ಕು ಬೆರಳು ಮುಂದೆ, ಟಾಪ್ ಟ್ಯೂಬ್ ನೆಲದಿಂದ ಎಷ್ಟು ಎತ್ತರ.

ಚೈನ್‌ಸದ್ದು
ಇಷ್ಟೆಲ್ಲ ತಲೆಬಿಸಿ ಯಾಕೆ? ಹಳೇ ಕಾಲದ ಮಾತೇ ಸರಿ: ನಿಲ್ಲೋಕೆ ಆಗುವುದರಲ್ಲಿ ಅತಿ ದೊಡ್ಡ ಫ್ರೇಮು ತಗೊಳ್ಳಿ. ಚಿಕ್ಕ ಫ್ರೇಮಲ್ಲಿ ಹ್ಯಾಂಡಲ್ ತೀರಾ ಕೆಳಗೆ ಬೀಳುತ್ತೆ. ಕುತ್ತಿಗೆ, ಅಂಗೈ ಎರಡೂ ಹೋಗುತ್ತೆ. 20 ತಗೊಂಡರೆ ಹೆಡ್ ಟ್ಯೂಬ್ ಎತ್ತರ, ಆರಾಮ.

ಹಳೇಸ್ಟೀಲು
ಹ್ಯಾಂಡಲ್ ಎತ್ತರದ ಚಿಂತೆ ನ್ಯಾಯವಾದದ್ದೇ. ಆದರೆ ಇಂಚು ಹೆಚ್ಚಾದ ಕೂಡಲೇ ಹೆಡ್ ಟ್ಯೂಬ್ ಎತ್ತರ ಆಗುತ್ತೆ ಅನ್ನೋದು ಒಂದೇ ಮಾದರಿಯ ಫ್ರೇಮುಗಳೊಳಗೆ ಮಾತ್ರ ನಿಜ. ಇಲ್ಲಿರೋದು ಎರಡು ಬೇರೆ ಜಾತಿ. ಇಳಿಜಾರು ಟಾಪ್ ಟ್ಯೂಬ್ ಅಂದರೇನೇ ಮುಂದೆ ಎತ್ತರ, ಹಿಂದೆ ತಗ್ಗು ಅಂತ.

ಅಡ್ಡಗಾಲು ನಿಂತಾಗಿನ ಜಾಗ: ಡಾಂಬರು ರಸ್ತೆಗೆ 2–3 ಸೆಂ.ಮೀ. ಸಾಕು. ಮಣ್ಣಲ್ಲಿ ಗುಡ್ಡದ ಓರೆಯಲ್ಲಿ ಕಾಲು ಕೊಟ್ಟಾಗ ಒಂದು ಪಾದ ತಗ್ಗಿನಲ್ಲಿರುತ್ತೆ. ಅಲ್ಲಿ 5 ಕನಿಷ್ಠ, 7–8 ಇದ್ದರೆ ನೆಮ್ಮದಿ. ಒಳಗಾಲು ಬರಿಗಾಲಲ್ಲಿ ಅಳೆದದ್ದು, ಆದ್ದರಿಂದ ಬೂಟಿನ ಅಡಿ ಸುಮಾರು 2 ಸೆಂ.ಮೀ. ಕೂಡಿಸಿಕೊಳ್ಳಿ. ಟೈರ್ ದಪ್ಪ ಮಾಡಿದರೆ ಕಳೆಯಿರಿ: 1.9 ಇಂಚಿನಿಂದ 2.2ಕ್ಕೆ ಹೋದರೆ ಇಡೀ ಸೈಕಲ್ಲು ಸುಮಾರು 7 ಮಿ.ಮೀ. ಮೇಲೇಳುತ್ತೆ.

ಮಣ್ಣುದಾರಿ
ಅಳೆದೆ. ಮಿ.ಮೀ.ನಲ್ಲಿ:

20ರ ಸ್ಟಿಕರ್: ಸೀಟ್ ಟ್ಯೂಬ್ 508. ಸಮತಲ ಉದ್ದ 578. ರೀಚ್ 417, ಸ್ಟ್ಯಾಕ್ 496. ಸೀಟ್ ಟ್ಯೂಬಿನ ದಾರ 157 ಹಿಂದೆ. ಟಾಪ್ ಟ್ಯೂಬ್ ಎತ್ತರ 772.

18ರ ಸ್ಟಿಕರ್: ಸೀಟ್ ಟ್ಯೂಬ್ 457. ಟ್ಯೂಬಿನ ಮೈಮೇಲೆ 555, ರಸಮಟ್ಟ ಇಟ್ಟಾಗ 572. ರೀಚ್ 419, ಸ್ಟ್ಯಾಕ್ 516. ದಾರ 130 ಹಿಂದೆ. ಎತ್ತರ 742.

"ಚಿಕ್ಕ" ಫ್ರೇಮಿನ ಹೆಡ್ ಟ್ಯೂಬೇ ಎತ್ತರ ಇದೆ. ಎರಡು ಸಲ ಅಳೆದೆ, ಅದೇ ಬಂತು.

ರಸಮಟ್ಟ
ಅಳತೆ ಸರಿಯಾಗೇ ಇದೆ. ಈಗ ನೋಡಿ, ಸ್ಟಿಕರಿನಲ್ಲಿ ಎರಡು ಇಂಚು, ಅಂದರೆ 51 ಮಿ.ಮೀ. ಅಂತರ. ಸಮತಲ ಉದ್ದದಲ್ಲಿ 6 ಮಿ.ಮೀ. ಮಾತ್ರ.

ಆ 6 ಕೂಡ ಕಣ್ಕಟ್ಟು. 157 ಭಾಗಿಸು 508 (ಇದು ಕೋನದ ಕೊಸೈನ್) ಅಂದರೆ ಸೀಟ್ ಟ್ಯೂಬ್ ಕೋನ 72 ಡಿಗ್ರಿ. 130 ಭಾಗಿಸು 457 ಅಂದರೆ 73.5. ಸೀಟು ಪೆಡಲ್‌ನಿಂದ ಎಷ್ಟು ಹಿಂದಿರಬೇಕು ಅನ್ನೋದನ್ನ ನಿರ್ಧರಿಸೋದು ತೊಡೆಯ ಉದ್ದ, ಫ್ರೇಮಲ್ಲ. ನಿಮ್ಮ ಸೀಟಿನ ಎತ್ತರದಲ್ಲಿ ಒಂದು ಡಿಗ್ರಿಗೆ ಸುಮಾರು 12 ಮಿ.ಮೀ. ಸರಿಯುತ್ತೆ, ಒಂದೂವರೆಗೆ 19. ಅಂದರೆ 20ರ ಫ್ರೇಮಿನಲ್ಲಿ ಸೀಟನ್ನು 19 ಮಿ.ಮೀ. ಮುಂದೆ ತಳ್ಳಿದಾಗಲೇ ಎರಡೂ ಸಮ ಆಗೋದು. ತಳ್ಳಿದ ಮೇಲೆ ಸೀಟಿನಿಂದ ಹ್ಯಾಂಡಲ್‌ಗೆ ಉದ್ದ ಇರೋದು 18ರ ಫ್ರೇಮೇ.

ರೀಚ್ 417, 419 ಅಂತ ಹತ್ತಿರ ಕಂಡರೂ ಅವು ಒಂದೇ ಎತ್ತರದಲ್ಲಿ ಅಳೆದವಲ್ಲ. ಹೆಡ್ ಟ್ಯೂಬ್ ಹಿಂದಕ್ಕೆ ವಾಲಿರೋದರಿಂದ 20 ಮಿ.ಮೀ. ಮೇಲೆ ಹೋದರೆ 7 ಮಿ.ಮೀ. ಹಿಂದೆ ಬರುತ್ತೆ. 20ರ ಫ್ರೇಮಿನಲ್ಲಿ ಸ್ಟೆಮ್ ಎತ್ತಿ ಇನ್ನೊಂದರ ಮಟ್ಟಕ್ಕೆ ತಂದರೆ 410 ಉಳೀತು. ಹೀಗೆ ದೊಡ್ಡ ಸ್ಟಿಕರಿನದು ನಿಜವಾಗಿ ಸುಮಾರು 9 ಮಿ.ಮೀ. ಗಿಡ್ಡ, ಮುಂದೆ 2 ಸೆಂ.ಮೀ. ತಗ್ಗು, ನಿಲ್ಲೋಕೆ 3 ಸೆಂ.ಮೀ. ಇಕ್ಕಟ್ಟು. 772 ಅಂದರೆ ಬರಿಗಾಲಲ್ಲಿ 38 ಮಿ.ಮೀ. ಜಾಗ. ಇನ್ನೊಂದರಲ್ಲಿ 68.

ಚೈನ್‌ಸದ್ದು
ಸರಿ ಮಾರಾಯ್ರೆ, ಇಲ್ಲಿ ಸೋತೆ. ಆದರೆ 18ರಲ್ಲಿ ಸೀಟ್ ಪೋಸ್ಟ್ ಉದ್ದಕ್ಕೆ ಹೊರಗೆ ಬರುತ್ತಲ್ಲ, ಒಂದು ಮುಷ್ಟಿಗಿಂತ ಜಾಸ್ತಿ ಕಾಣಬಾರದು ಅಂತಾರೆ.

ಬಿಡಿಭಾಗ
ಮುಷ್ಟಿಯ ಲೆಕ್ಕ ಹಳೇ ರೋಡ್ ಸೈಕಲ್‌ನದ್ದು. ಮೌಂಟನ್ ಬೈಕಲ್ಲಿ 15ರಿಂದ 25 ಸೆಂ.ಮೀ. ಹೊರಗಿರೋದು ಸಹಜ. ಉದ್ದದ ಪೋಸ್ಟ್ ಇದೆಯಾ ಅಂತ ಮಾತ್ರ ನೋಡಬೇಕು.

ಒಳಗಾಲು × 0.883 ಸೂತ್ರ ಹಿಡಿದರೆ ಕ್ರ್ಯಾಂಕ್ ಅಚ್ಚಿನಿಂದ ಸೀಟಿನ ಮೇಲ್ಮೈಗೆ 715 ಮಿ.ಮೀ. ಈ ಸೂತ್ರ ರೋಡ್ ಸೈಕಲ್‌ನಿಂದ ಬಂದದ್ದು, ಮಣ್ಣಿಗೆ ಒಂದು ಸೆಂ.ಮೀ. ತಗ್ಗಿಸಿದರೂ ನಡೆಯುತ್ತೆ. 715ರಲ್ಲಿ ಸೀಟ್ ಟ್ಯೂಬ್ 457 ಕಳೆಯಿರಿ, ಕ್ಲ್ಯಾಂಪಿನಿಂದ ಸೀಟಿನ ಮೇಲ್ಮೈಗೆ ಸುಮಾರು 50 ಕಳೆಯಿರಿ. ಹೊರಗೆ ಉಳಿಯೋ ಪೋಸ್ಟ್ 208. ಪೋಸ್ಟ್ 300ದ್ದಾದರೆ ಒಳಗೆ 92. ಪೋಸ್ಟಿನ ಮೇಲಿರುವ ಕನಿಷ್ಠ ಗೆರೆ ಒಳಗೆ ಮುಳುಗಿರಬೇಕು, ಅಷ್ಟೇ ಸಾಲದು: ಪೋಸ್ಟಿನ ಕೆಳತುದಿ ಟಾಪ್ ಟ್ಯೂಬಿನ ಕೆಳಮೈ ದಾಟಿ ಇಳಿದಿರಬೇಕು. ದಾಟದಿದ್ದರೆ ಸವಾರನ ಭಾರವೆಲ್ಲ ಕಾಲರ್‌ನ ಸೀಳಿನ ಮೇಲೆ ಬಿದ್ದು ಅಲ್ಲೇ ಬಿರುಕು. ಇದರಲ್ಲಿ ದಾಟುತ್ತೆ. 350ರ ಪೋಸ್ಟ್ ಸಿಕ್ಕರೆ ಇನ್ನೂ ಒಳ್ಳೇದು. ಇದೇ ಕಾಲಿಗೆ 16.5 ಇಂಚಿನ ಫ್ರೇಮು ತಂದಿದ್ದರೆ 300ದ್ದು ಐದೂವರೆ ಸೆಂ.ಮೀ. ಮಾತ್ರ ಒಳಗಿರುತ್ತಿತ್ತು, ಮುಟ್ಟಲೇಬಾರದು.

ಪೋಸ್ಟಿನ ದಪ್ಪ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. 26.2, 26.4, 26.6, 26.8, 27.0, 27.2 ಹೀಗೆ 0.2ರ ಹೆಜ್ಜೆಯಲ್ಲಿ ಬರುತ್ತೆ. 27.2ರ ಟ್ಯೂಬಿಗೆ 26.8 ತುರುಕಿ ಬೋಲ್ಟ್ ಹಿಂಡಿದವರು ಬೇಕಾದಷ್ಟಿದ್ದಾರೆ. ಕಾಲರ್‌ನ ಎರಡು ಕಿವಿ ಒಂದಕ್ಕೊಂದು ಅಂಟಿಕೊಂಡಿದ್ದರೆ, ಸೀಳು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ, ಅದೇ ಕತೆ. ಪೋಸ್ಟ್ ಜಾರ್ತಾ ಜಾರ್ತಾ ಸೀಟು ಇಳಿಯುತ್ತೆ, ಸವಾರ ಫ್ರೇಮು ಚಿಕ್ಕದು ಅಂದ್ಕೊಳ್ತಾನೆ.

ಮಣ್ಣುದಾರಿ
18ರದ್ದರಲ್ಲಿ ಈಗ 135 ಮಿ.ಮೀ. ಸ್ಟೆಮ್, 56 ಸೆಂ.ಮೀ. ಹ್ಯಾಂಡಲ್ ಇದೆ. ಕೂತು ನೋಡಿದಾಗ ಮೊಣಕೈ ನೆಟ್ಟಗಾಗುತ್ತೆ. ಇದು ಉದ್ದ ಅಂತ ಅರ್ಥವಾ?

ರಸಮಟ್ಟ
ಫ್ರೇಮು ಉದ್ದ ಅಂತ ಅಲ್ಲ. ಆ ಕಾಲದ ರೇಸಿಂಗ್ ಭಂಗಿ ಅದು, ಹೊಟ್ಟೆ ಟಾಪ್ ಟ್ಯೂಬಿಗೆ ತಾಗುವ ಹಾಗೆ ಮಲಗೋದು. 62 ಸೆಂ.ಮೀ. ಹ್ಯಾಂಡಲ್ ಹಾಕಿ. ಕೈ ಅಗಲವಾದಷ್ಟೂ ಭುಜ ಮುಂದೆ ಎಳೀತದೆ. ಒರಟು ಲೆಕ್ಕ, ಹ್ಯಾಂಡಲ್ 2 ಸೆಂ.ಮೀ. ಅಗಲವಾದರೆ ಸ್ಟೆಮ್ 1 ಸೆಂ.ಮೀ. ಗಿಡ್ಡ. 6 ಸೆಂ.ಮೀ. ಅಗಲಕ್ಕೆ 3 ಗಿಡ್ಡ, ಅಂದರೆ 105. ಆಮೇಲೂ ದೂರ ಅನ್ನಿಸಿದರೆ 90. ಅದಕ್ಕಿಂತ ಕಮ್ಮಿ ನಾನು ಸಲಹೆ ಕೊಡಲ್ಲ. 71 ಡಿಗ್ರಿಯ ಹೆಡ್ ಟ್ಯೂಬಿಗೆ 60ರ ಸ್ಟೆಮ್ ಹಾಕಿದರೆ ಏರಿನಲ್ಲಿ ಮುಂದಿನ ಚಕ್ರ ದಾರಿ ಬಿಟ್ಟು ಅಲೆಯುತ್ತೆ, ತಿರುವಿನಲ್ಲಿ ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತೆ. ಈಗಿನ ಸೈಕಲ್ಲುಗಳಲ್ಲಿ ಗಿಡ್ಡ ಸ್ಟೆಮ್ ನಡೆಯೋದು ಅವುಗಳ ರೀಚ್ ಉದ್ದ, ಹೆಡ್ ಟ್ಯೂಬ್ ಹೆಚ್ಚು ವಾಲಿರುತ್ತೆ ಅಂತ.

ಕೊಳ್ಳುವ ಮುಂಚೆ ಪರೀಕ್ಷೆ ಇದು: ಸರಿಯಾದ ಸೀಟಿನ ಎತ್ತರದಲ್ಲಿ ಕೂತು 90ರಿಂದ 120ರ ಒಳಗಿನ ಸ್ಟೆಮ್‌ನಲ್ಲಿ ಮೊಣಕೈ ಸ್ವಲ್ಪ ಬಾಗಿ ನಿಲ್ಲುತ್ತಾ? ನಿಂತರೆ ಫ್ರೇಮು ಸರಿ. 60 ಬೇಕಾದರೆ ಫ್ರೇಮು ಉದ್ದ, 150 ಬೇಕಾದರೆ ಗಿಡ್ಡ. ಬಿಟ್ಟುಬಿಡಿ.

ಬಿಡಿಭಾಗ
ಸ್ಟೆಮ್ ಹುಡುಕುವ ಮುಂಚೆ ಫೋರ್ಕಿನ ಸ್ಟೀರರ್ (ಹೆಡ್ ಟ್ಯೂಬಿನೊಳಗೆ ತೂರುವ ಕೊಳವೆ) ಯಾವ ದಪ್ಪ ಅಂತ ನೋಡಿ. ಮರೆ (ಥ್ರೆಡ್) ಇರುವ ಹಳೇ ಸ್ಟೀರರ್ ಒಳಗೆ ಇಳಿಯುವ ಸ್ಟೆಮ್ ಮೂರು ದಪ್ಪದಲ್ಲಿ ಬರುತ್ತೆ. 1 ಇಂಚಿನ ಸ್ಟೀರರ್‌ಗೆ 22.2 ಮಿ.ಮೀ., 1⅛ಕ್ಕೆ 25.4, 1¼ಕ್ಕೆ 28.6. ಕೊನೆಯದು ಅಪರೂಪ. ಗ್ಯಾರಿ ಫಿಶರ್ ಸೈಕಲ್ಲುಗಳ ಎವಲ್ಯೂಷನ್ ಹೆಡ್‌ಸೆಟ್ (ಸ್ಟೀರರ್ ತಿರುಗುವ ಬೇರಿಂಗ್) ಆ ಅಳತೆಯದ್ದು. ಅಂಥ ಫ್ರೇಮಿಗೆ ಬೇಕಾದ ಉದ್ದದ ಸ್ಟೆಮ್ ಸಿಗೋದೇ ಕಷ್ಟ, ಹಾಗಾಗಿ ಅದರಲ್ಲಿ ಸೈಜ್ ತಪ್ಪಿದರೆ ಸರಿಪಡಿಸೋದೂ ಕಷ್ಟ. ಹ್ಯಾಂಡಲ್ ಹಿಡಿಯುವ ಭಾಗ ಸಾಮಾನ್ಯವಾಗಿ 25.4.

ಎತ್ತರ ಬೇಕು ಅಂತ ಸ್ಟೆಮ್ಮನ್ನು ಗೆರೆ ಮೀರಿ ಎಳೆಯಬೇಡಿ. ಮರೆ ಕೊರೆದ ಭಾಗದಲ್ಲೇ ಒಳಗಿನ ಬೆಣೆ ಹಿಗ್ಗಿದರೆ ಸ್ಟೀರರ್ ಅಲ್ಲಿ ಸೀಳುತ್ತೆ. ಎತ್ತರ ಸಾಲದಿದ್ದರೆ ಮೇಲಕ್ಕೆ ಬಾಗಿದ ಹ್ಯಾಂಡಲ್ ತಗೊಳ್ಳಿ.

ಗುಡ್ಡದತುದಿ
ನಡುವೆ ಒಂದು ಪ್ರಶ್ನೆ. 18ರ ಫ್ರೇಮಿಗೆ ಮುಂದೆ 80 ಮಿ.ಮೀ. ಸಸ್ಪೆನ್ಷನ್ ಫೋರ್ಕ್ ಹಾಕಿದರೆ ಸೈಜ್ ಬದಲಾಗುತ್ತಾ?

ಹಳೇಸ್ಟೀಲು
ಚೆನ್ನಾಗಿ ಬದಲಾಗುತ್ತೆ. ಸಸ್ಪೆನ್ಷನ್ ಎಣಿಸದೆ ಮಾಡಿದ ಫ್ರೇಮಿನ ಗಟ್ಟಿ ಫೋರ್ಕು ಚಕ್ರದ ಅಚ್ಚಿನಿಂದ ಕಿರೀಟದವರೆಗೆ (ಫೋರ್ಕಿನ ಎರಡು ಕಾಲು ಮೇಲೆ ಸೇರುವ ಜಾಗ) 390–400 ಮಿ.ಮೀ. ಇರುತ್ತೆ. 80ರದ್ದು ಹೆಚ್ಚುಕಮ್ಮಿ 440–450. ಮುಂದೆ 50 ಎತ್ತಿದರೆ ಎರಡೂ ಕೋನ ಎರಡೂವರೆ ಡಿಗ್ರಿ ಹಿಂದಕ್ಕೆ ವಾಲುತ್ತೆ, ಕ್ರ್ಯಾಂಕ್ ಅಚ್ಚು ಸುಮಾರು 2 ಸೆಂ.ಮೀ. ಏರುತ್ತೆ, ರೀಚ್ 2 ಸೆಂ.ಮೀ. ಕುಗ್ಗುತ್ತೆ, ನಿಲ್ಲುವ ಜಾಗ ಹೋಗುತ್ತೆ. ಡೌನ್ ಟ್ಯೂಬು (ಮುಂದಿನಿಂದ ಕ್ರ್ಯಾಂಕ್ ಕಡೆಗೆ ಇಳಿಯುವ ಕೊಳವೆ) ಹೆಡ್ ಟ್ಯೂಬಿಗೆ ಸೇರುವಲ್ಲಿ ಎಳೆತವೂ ಜಾಸ್ತಿ. ಭಾರ ಬಿದ್ದಾಗ ಫೋರ್ಕು ಒಂದೂವರೆ ಎರಡು ಸೆಂ.ಮೀ. ಕೂರುತ್ತೆ ನಿಜ, ಆದರೂ ಉಳಿದದ್ದು ಉಳೀತು. ಈ ಫ್ರೇಮಿಗೆ ಗಟ್ಟಿ ಫೋರ್ಕೇ ಚಂದ.

ನಾಲ್ಕಡಿಹತ್ತು
ಗಿಡ್ಡ ಇರುವವರಿಗೆ ಯಾರೂ ಏನೂ ಹೇಳಲಿಲ್ಲ. ಒಳಗಾಲು 70 ಸೆಂ.ಮೀ.

ರಸಮಟ್ಟ
ಸೂತ್ರ 15.8 ಅನ್ನುತ್ತೆ. ಆದರೆ ಆ ಕಾಲದ 14–15 ಇಂಚಿನ ಫ್ರೇಮುಗಳಲ್ಲಿ ಒಂದು ಮೋಸ ಇದೆ. ಟಾಪ್ ಟ್ಯೂಬ್ ಗಿಡ್ಡ ಕಾಣಲಿ ಅಂತ ಸೀಟ್ ಟ್ಯೂಬನ್ನ 74–75 ಡಿಗ್ರಿಗೆ ನೆಟ್ಟಗೆ ನಿಲ್ಲಿಸಿರ್ತಾರೆ. ಕಾಗದದಲ್ಲಿ 535, ರೀಚ್ ಮಾತ್ರ ಮುಂದಿನ ಸೈಜಿನಷ್ಟೇ. ಸೀಟು ಸರಿಯಾದ ಜಾಗಕ್ಕೆ ಹಿಂದೆ ತಳ್ಳಿದ ಕೂಡಲೇ ಹ್ಯಾಂಡಲ್ ಮತ್ತೆ ದೂರ. ಟಾಪ್ ಟ್ಯೂಬ್ ಸಂಖ್ಯೆ ನಂಬಬೇಡಿ, ನೆಲದ ಮೇಲೆ ದಾರದ ಗುರುತು ಹಾಕಿಯೇ ನೋಡಿ. 175 ಮಿ.ಮೀ. ಕ್ರ್ಯಾಂಕ್ ಇದ್ದರೆ 170ಕ್ಕೆ ಇಳಿಸಿ.

ಗುಡ್ಡದತುದಿ
ಫೋಟೋ ಮಾತ್ರ ಇದ್ದರೆ?

ಹಳೇಸ್ಟೀಲು
ನೇರ ಪಕ್ಕದಿಂದ, ದೂರ ನಿಂತು ಜೂಮ್ ಮಾಡಿ ತೆಗೆದ ಫೋಟೋ ಕೇಳಿ. ಹತ್ತಿರದಿಂದ ತೆಗೆದದ್ದರಲ್ಲಿ ಅಂಚು ಬಾಗಿರುತ್ತೆ. 26×1.95 ಟೈರಿನ ಚಕ್ರ ಹೊರಗಿನಿಂದ ಸುಮಾರು 657 ಮಿ.ಮೀ. ಫೋಟೋದಲ್ಲಿ ಚಕ್ರ 440 ಪಿಕ್ಸೆಲ್, ಸೀಟ್ ಟ್ಯೂಬ್ 308 ಅಂತಿಟ್ಟುಕೊಳ್ಳಿ. 308 × 657 ÷ 440 = 460, ಅಂದರೆ 18 ಇಂಚು. ಸಮತಲ ಉದ್ದವೂ ಹೀಗೇ. ಚಕ್ರವನ್ನ ಅಡ್ಡಕ್ಕೂ ಉದ್ದಕ್ಕೂ ಅಳೆಯಿರಿ. ಎರಡೂ ಒಂದೇ ಬರದಿದ್ದರೆ ಕ್ಯಾಮೆರಾ ಓರೆ ಇತ್ತು, ಆ ಫೋಟೋ ಬೇಡ. ಸರಿ ಇದ್ದರೂ ಒಂದು ಸೆಂ.ಮೀ. ಆಚೀಚೆ ಲೆಕ್ಕಕ್ಕಿಡಿ.

ಮಣ್ಣುದಾರಿ
18ರದ್ದೇ ಅಂತ ಮನಸ್ಸು ಮಾಡಿದೆ. ದುಡ್ಡು ಕೊಡುವ ಮುಂಚೆ ಕೊನೆಯದಾಗಿ ಏನು ನೋಡಲಿ?

ಬಿಡಿಭಾಗ
ಸೀಟ್ ಪೋಸ್ಟ್ ಅಲ್ಲಾಡುತ್ತಾ ನೋಡಿ. ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಪೋಸ್ಟ್ ವರ್ಷಗಟ್ಟಲೆ ಗ್ರೀಸಿಲ್ಲದೆ ಕೂತರೆ ತುಕ್ಕು ಹಿಡಿದು ಬೆಸೆದುಕೊಳ್ಳುತ್ತೆ. ಬೋಲ್ಟ್ ಪೂರಾ ಸಡಿಲಿಸಿ, ಸೀಟನ್ನ ಎಡಕ್ಕೆ ಬಲಕ್ಕೆ ತಿರುಗಿಸಿ. ಜಗ್ಗದಿದ್ದರೆ ಮೇಲಿನ ಲೆಕ್ಕವೆಲ್ಲ ದಂಡ, ಹಿಂದಿನ ಸವಾರನ ಎತ್ತರವೇ ನಿಮ್ಮದು. ಸ್ಟೆಮ್ಮೂ ಹಾಗೇ: ಮೇಲಿನ ಬೋಲ್ಟ್ ನಾಲ್ಕು ಸುತ್ತು ಸಡಿಲಿಸಿ, ಅದರ ತಲೆ ಮೇಲೆ ಮರದ ತುಂಡಿಟ್ಟು ಒಂದು ತಟ್ಟು, ಬೆಣೆ ಕೆಳಗೆ ಬೀಳಬೇಕು.

ಆಮೇಲೆ ಹೆಡ್ ಟ್ಯೂಬಿನ ಹಿಂದೆ, ಡೌನ್ ಟ್ಯೂಬಿನ ಕೆಳಮೈಯಲ್ಲಿ ಬೆರಳು ಎಳೆಯಿರಿ. ಪೇಂಟಿನಲ್ಲಿ ಅಡ್ಡ ಸುಕ್ಕು, ಸಣ್ಣ ಉಬ್ಬು ಸಿಕ್ಕರೆ ಮುಂದಿನಿಂದ ಗುದ್ದಿಸಿಕೊಂಡ ಫ್ರೇಮು. ಅಂಥದ್ದರ ಕೋನ ಬದಲಾಗಿರುತ್ತೆ, ನೀವು ಅಳೆದ ರೀಚ್ ಕಂಪನಿ ಕೊಟ್ಟದ್ದಲ್ಲ.

ಮಣ್ಣುದಾರಿ
ಪೋಸ್ಟ್ ತಿರುಗಿತು, ಸ್ವಲ್ಪ ಕಿರುಗುಟ್ಟುತ್ತಾ. ದಪ್ಪ 26.8, ಉದ್ದ 300. ಡೌನ್ ಟ್ಯೂಬ್ ನುಣುಪು. ಸ್ಟೀರರ್ 1⅛. 105ರ ಸ್ಟೆಮ್ ಹುಡುಕ್ತೀನಿ.